ಎರಡು ತಗ್ಗಿನ ಸಿಮ್ಯುಲೇಶನ್: ನಾಯ್ಸ್ ಕೊಟ್ಟರೂ ಚೆಂಡು ದಿಬ್ಬ ದಾಟುತ್ತಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಪೈಥಾನ್‌ನಲ್ಲಿ ಬರೆದಿದ್ದೇನೆ. ಎಕ್ಸ್ ಅಂದರೆ ಚೆಂಡು ಇರುವ ಜಾಗ. ಬಲ ಎಕ್ಸ್ − ಎಕ್ಸ್³, ಅಂದರೆ −1 ಮತ್ತು +1ರಲ್ಲಿ ತಗ್ಗು, ನಡುವೆ 0ಯಲ್ಲಿ ದಿಬ್ಬ. ನಾಯ್ಸ್ (ಚೆಂಡಿಗೆ ಅಡ್ಡಾದಿಡ್ಡಿ ಕೊಡುವ ಸಣ್ಣ ತಳ್ಳು) ತೀವ್ರತೆ ಡಿ = 0.1, ಒಂದು ಹೆಜ್ಜೆಯ ಕಾಲ ಡಿಟಿ = 0.01. ಹತ್ತು ಲಕ್ಷ ಹೆಜ್ಜೆ ಓಡಿಸಿದರೂ ಚೆಂಡು −1ರಲ್ಲೇ ಸಣ್ಣಗೆ ನಡುಗುತ್ತಾ ಕೂತಿದೆ. ಒಮ್ಮೆಯೂ ಆಚೆ ಹೋಗಿಲ್ಲ. ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸಾಲು ಶುರುವಾಗುವ ಸಂಖ್ಯೆ) ಬದಲಿಸಿಯೂ ನೋಡಿದೆ. ಆರ್ ಅನ್ನುವುದು ಸರಾಸರಿ 0, ವೇರಿಯನ್ಸ್ (ಚದುರುವಿಕೆಯ ಅಳತೆ) 1 ಇರುವ ಗಾಸಿಯನ್ ಯಾದೃಚ್ಛಿಕ ಸಂಖ್ಯೆ. ಸಾಲು ಇದು:

ಎಕ್ಸ್ += (ಎಕ್ಸ್ − ಎಕ್ಸ್³)·ಡಿಟಿ + √(2·ಡಿ)·ಆರ್·ಡಿಟಿ

ಉತ್ತರ:
ತಪ್ಪಿರುವುದು ಆ ಕೊನೆಯ ಡಿಟಿಯಲ್ಲಿ. ಅಲ್ಲಿ √ಡಿಟಿ ಬರಬೇಕು. ನಾಯ್ಸ್‌ನ ತಳ್ಳುಗಳು ಅತ್ತ ಇತ್ತ ಎರಡೂ ಕಡೆ ಬೀಳುತ್ತವೆ. ಹೆಜ್ಜೆ ಹೆಜ್ಜೆಗೂ ಕೂಡುತ್ತಾ ಹೋಗುವುದು ವೇರಿಯನ್ಸ್, ದೂರವಲ್ಲ. ನೀವು ಬರೆದ ಹಾಗೆ ಚೆಂಡಿಗೆ ತಲುಪುತ್ತಿರುವ ಡಿ 0.1 ಅಲ್ಲ, 0.001.

ನೂರು ಪಟ್ಟು ಕಮ್ಮಿಯಾದರೆ ನೂರು ಪಟ್ಟು ಕಾದರಾಯಿತು ಅಂದುಕೊಳ್ಳಬೇಡಿ. ಇಲ್ಲೇ ಎಲ್ಲರೂ ಎಡವುವುದು. ಭೌತವಿಜ್ಞಾನಿ ಕ್ರಾಮರ್ಸ್ 1940ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಕಾಯುವ ಸಮಯದಲ್ಲಿ ದಿಬ್ಬದ ಎತ್ತರ ಭಾಗಿಸು ಡಿ ಅನ್ನುವುದು ಇ (2.718…) ಸಂಖ್ಯೆಯ ಘಾತವಾಗಿ ಕೂರುತ್ತದೆ. ನಿಮ್ಮ ದಿಬ್ಬ 0.25 ಎತ್ತರ, ಆ ಘಾತದ ಬೆಲೆಗೆ ಗುಣಿಸಬೇಕಾದ ಸಂಖ್ಯೆ 4.44. ಡಿ 0.1 ಇದ್ದರೆ ಸರಾಸರಿ 54 ಕಾಲಮಾನ (ನಿಮ್ಮ ಡಿಟಿಗೆ 5,400 ಹೆಜ್ಜೆ) ಸಾಕು. ಡಿ 0.001 ಆದರೆ 1ರ ಮುಂದೆ 109 ಸೊನ್ನೆ!

ಖಾತ್ರಿಗೆ ನಡುಗುವ ಅಗಲ ಅಳೆಯಿರಿ. ಸ್ಟ್ಯಾಂಡರ್ಡ್ ಡೀವಿಯೇಶನ್ (ವೇರಿಯನ್ಸ್‌ನ ವರ್ಗಮೂಲ) 0.022ರ ಹತ್ತಿರ ಬಂದರೆ ಇದೇ ಕಾರಣ.

ಪ್ರಶ್ನೆ:
ಸರ್, ಸರಿಯಾಗಿ 0.022 ಬಂತು! √ಡಿಟಿ ಹಾಕಿದ ಕೂಡಲೇ ಹಾರತೊಡಗಿತು. ಆದರೆ ಈಗ ಸಾವಿರಾರು ಸಲ ಹಾರಿದೆ ಅನ್ನುತ್ತಿದೆ. ಎಕ್ಸ್‌ನ ಚಿಹ್ನೆ ಬದಲಾದಾಗೆಲ್ಲ ಎಣಿಸುತ್ತಿದ್ದೇನೆ.

ಉತ್ತರ:
ದಿಬ್ಬದ ತಲೆಯ ಮೇಲೆ ಬಲ ಹೆಚ್ಚುಕಮ್ಮಿ ಸೊನ್ನೆ. ಅಲ್ಲಿ ಚೆಂಡು ಇಳಿಯುವ ಮುಂಚೆ 0ಯನ್ನು ಹತ್ತಾರು ಸಲ ಅತ್ತಿತ್ತ ದಾಟುತ್ತದೆ. −1 ಮುಟ್ಟಿದ ಮೇಲೆ +1 ಮುಟ್ಟಿದರೆ ಮಾತ್ರ ಒಂದು ಹಾರಿಕೆ ಅಂತ ಎಣಿಸಿ, ವಾಪಸ್ ಬರುವಾಗಲೂ ಹಾಗೆಯೇ.

ಮುಂದೆ ಡಿ 0.02ಕ್ಕೆ ಇಳಿಸುವ ಯೋಚನೆಯಿದ್ದರೆ ನೇರ ಓಟ ಬೇಡ, ಒಂದು ಹಾರಿಕೆಗೇ 12 ಕೋಟಿ ಹೆಜ್ಜೆ ಬೇಕು. ದಿಬ್ಬದ ಏರಿಗೆ ಮೆಟ್ಟಿಲು ಮಾಡಿಕೊಳ್ಳಿ: −0.8, −0.6 ಹೀಗೆ. ಒಂದು ಮೆಟ್ಟಿಲು ಮುಟ್ಟಿದ ಸ್ಥಿತಿಗಳನ್ನು ಉಳಿಸಿ, ಅಲ್ಲಿಂದಲೇ ಹೊಸ ನಾಯ್ಸ್ ಕೊಟ್ಟು ಹಲವು ಪ್ರತಿ ಓಡಿಸಿ, ಎಷ್ಟು ಪಾಲು ಮುಂದಿನದನ್ನು ಮುಟ್ಟುತ್ತವೆ ನೋಡಿ. ಆ ಪಾಲುಗಳ ಗುಣಲಬ್ಧವನ್ನು ಮೊದಲ ಮೆಟ್ಟಿಲು ಮುಟ್ಟುವ ದರಕ್ಕೆ ಗುಣಿಸಿದರೆ ಹಾರಿಕೆಯ ದರ ಸಿಗುತ್ತದೆ.

ಪ್ರಶ್ನೆ:
ಎಣಿಕೆ ಸರಿಮಾಡಿದೆ, ಹತ್ತು ಲಕ್ಷ ಹೆಜ್ಜೆಗೆ 150ರ ಆಸುಪಾಸು. ಸೂತ್ರದಂತೆ 185 ಬರಬೇಕಿತ್ತಲ್ಲ?

ಉತ್ತರ:
150ಏ ಸರಿ. ದಿಬ್ಬ ಡಿಗಿಂತ ಬಹಳ ಎತ್ತರವಿದ್ದಾಗ ಮಾತ್ರ ಆ ಸೂತ್ರ ಕರಾರುವಾಕ್ಕು, ನಿಮ್ಮದು ಎರಡೂವರೆ ಪಟ್ಟು ಅಷ್ಟೇ. ಡಿ 0.05 ಇಟ್ಟು ಓಡಿಸಿ, ಅಂತರ ಕಿರಿದಾಗುತ್ತದೆ.