ವೀಸಾ ಅರ್ಜಿ: ಇವತ್ತು ಸಂಜೆ ಕೇಳಿ, ಮೇಡಂ ಇದಾರೆ (ಪ್ರಶ್ನೋತ್ತರ)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಹೇಳಿದ ಹಾಗೆ ಇವತ್ತು ‘ಕಡತ’ ಮೇಡಂ ನಮ್ಮ ಜೊತೆ ಇರ್ತಾರೆ. ಹದಿನಾಲ್ಕು ವರ್ಷದಿಂದ ಜನರ ವೀಸಾ ಅರ್ಜಿ ತಿದ್ದೋದೇ ಅವರ ಕೆಲಸ. ಪ್ರವಾಸ, ಮಕ್ಕಳನ್ನ ನೋಡಿ ಬರೋದು ಇಂಥದ್ದನ್ನ ಮಾತ್ರ ಕೇಳಿ. ಕೆಲಸದ ವೀಸಾ, ಪಿಆರ್ (ಅಲ್ಲೇ ಕಾಯಂ ನೆಲೆಸೋ ಪರವಾನಗಿ) ಇನ್ನೊಂದು ದಿನ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಪಾಸ್‌ಪೋರ್ಟ್ ಫೋಟೊ ತೆಗೆದು ಇಲ್ಲಿ ಹಾಕಬೇಡಿ.

ಅಲೆಮಾರಿ: ನಮಸ್ತೆ ಮೇಡಂ. ಫ್ರಾನ್ಸ್ 4 ದಿನ, ಸ್ವಿಟ್ಜರ್ಲೆಂಡ್ 6 ದಿನ, ಇಟಲಿ 3 ದಿನ. ಇಳಿಯೋದು ಪ್ಯಾರಿಸ್‌ನಲ್ಲಿ. ಅರ್ಜಿ ಯಾವ ದೇಶಕ್ಕೆ, ಎಷ್ಟು ಮುಂಚೆ ಹಾಕಬೇಕು?

ಕಡತ: ನಮಸ್ಕಾರ. ಸ್ವಿಟ್ಜರ್ಲೆಂಡ್‌ಗೆ ಹಾಕಿ. ಷೆಂಗೆನ್ ಅಂದ್ರೆ ಯೂರೋಪಿನ 29 ದೇಶದ ಗುಂಪು, ಅಷ್ಟಕ್ಕೂ ಒಂದೇ ವೀಸಾ. ಆದರೆ ಅರ್ಜಿ ನೋಡೋದು ನೀವು ಹೆಚ್ಚು ದಿನ ಉಳಿಯೋ ದೇಶ. ದಿನ ಸಮಸಮ ಆದಾಗ ಮಾತ್ರ ಮೊದಲು ಕಾಲಿಡೋ ದೇಶದ ಲೆಕ್ಕ. ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ ಹಾಕಬಹುದು, ತೀರಾ ಕಡೆಯ ಗಡುವು 15 ದಿನ. ಆ 15 ದಿನ ನಂಬಿಕೊಂಡು ಕೂರಬೇಡಿ, ಅವರಿಗೆ ಅನುಮಾನ ಬಂದರೆ 45 ದಿನದವರೆಗೂ ಎಳೀಬಹುದು. ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರಬಾರದು, ವಾಪಸ್ ಹೊರಡೋ ದಿನದಿಂದ ಮುಂದಕ್ಕೆ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ 30,000 ಯೂರೊಗೆ ಕಮ್ಮಿ ಇರಬಾರದು.

ಗುಬ್ಬಚ್ಚಿ: ಮೇಡಂ, ಬ್ಯಾಂಕಲ್ಲಿ ಎಷ್ಟು ಬ್ಯಾಲೆನ್ಸ್ ಇರಬೇಕು?

ಕಡತ: ಎಲ್ಲಾ ದೇಶಕ್ಕೂ ಹೊಂದೋ ಒಂದು ಅಂಕಿ ಇಲ್ಲ. ಷೆಂಗೆನ್ ದೇಶಗಳು ದಿನಕ್ಕೆ ಇಷ್ಟು ಅಂತ ಅವರವರ ಲೆಕ್ಕ ಪ್ರಕಟಿಸಿವೆ, ನೀವು ಹೋಗೋ ದೇಶದ್ದು ತೆಗೆದು ನೋಡಿ. ಅಮೆರಿಕ, ಬ್ರಿಟನ್ ಅಂಕಿ ಹೇಳೋದೇ ಇಲ್ಲ. ಅಧಿಕಾರಿ ಮೊತ್ತಕ್ಕಿಂತ ಮೊದಲು ನೋಡೋದು ಹಣ ಹೇಗೆ ಬಂತು, ಹೇಗೆ ಹೋಯ್ತು ಅನ್ನೋದನ್ನ. ತಿಂಗಳು ತಿಂಗಳು ಸಂಬಳ ಬಿದ್ದು, ಖರ್ಚಾಗಿ, ಸ್ವಲ್ಪ ಉಳಿದ ಖಾತೆ ನನಗಿಷ್ಟ.

ಹಳೇ ಬೇರು: ನನಗೆ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ: ‘ವೀಸಾ ಪಕ್ಕಾ ಸಿಗಲು ಗುಟ್ಟುಗಳು. ಅರ್ಜಿಗೆ ಒಂದು ವಾರ ಮುಂಚೆ ಖಾತೆಗೆ ದೊಡ್ಡ ಮೊತ್ತ ಹಾಕಿಸಿ. ಹಿಂದೆ ರಿಜೆಕ್ಟ್ ಆಗಿದ್ದರೆ ಪಾಸ್‌ಪೋರ್ಟ್ ಕಳೆದುಹೋಯಿತೆಂದು ಹೊಸದು ಮಾಡಿಸಿ, ಹಳೆಯದು ಅಳಿದುಹೋಗುತ್ತದೆ. ಇಂಟರ್‌ವ್ಯೂಗೆ ನೀಲಿ ಅಂಗಿ ಹಾಕಿ. ಸುಲಭವಾಗಿ ಕೊಡುವ ದೇಶದಿಂದ ಷೆಂಗೆನ್ ತೆಗೆದುಕೊಂಡು ಬೇಕಾದಲ್ಲಿ ತಿರುಗಿ. ಹತ್ತು ಜನರಿಗೆ ಕಳಿಸಿ.’

ಕಡತ: ಸಾರ್, ಈ ಮೆಸೇಜು ನನಗೂ ಬಂದಿದೆ, ಪ್ರತಿ ಸಲ ಅಂಗಿ ಬಣ್ಣ ಮಾತ್ರ ಬೇರೆ. ಬಣ್ಣದಿಂದ ತೊಂದರೆ ಇಲ್ಲ ಬಿಡಿ. ಮಿಕ್ಕಿದ್ದು ಹೇಳ್ತೀನಿ, ಯಾರೂ ಇದನ್ನ ಮುಂದೆ ಕಳಿಸಬೇಡಿ. ಷೆಂಗೆನ್ ಅರ್ಜಿಯ ವಿವರ, ಹತ್ತೂ ಬೆರಳಿನ ಗುರುತು ವಿಐಎಸ್ ಅನ್ನೋ ಅವರ ವ್ಯವಸ್ಥೆಯಲ್ಲಿ 5 ವರ್ಷ ಇರುತ್ತೆ. ಪುಸ್ತಕ ಹೊಸದಾದರೆ ಬೆರಳೂ ಹೊಸದಾಗುತ್ತಾ? ಕಳೆಯದ ಪಾಸ್‌ಪೋರ್ಟ್ ಕಳೆದಿದೆ ಅಂತ ದೂರು ಕೊಡೋದೇ ಒಂದು ಅಪರಾಧ. ಒಂದು ದೇಶ ತೋರಿಸಿ ವೀಸಾ ತಗೊಂಡು ಆ ದೇಶಕ್ಕೆ ಕಾಲೇ ಇಡದಿದ್ದರೆ ಗಡಿಯಲ್ಲಿ ಕೇಳ್ತಾರೆ, ವೀಸಾ ರದ್ದು ಮಾಡೋ ಅಧಿಕಾರ ಅವರಿಗಿದೆ. ಹತ್ತು ಜನಕ್ಕೆ ಕಳಿಸಿದರೆ ಹತ್ತು ಜನರ ಅರ್ಜಿ ಕೆಡುತ್ತೆ, ಅಷ್ಟೇ.

ಹಳೇ ಬೇರು: ನಾನು ಬರೆದಿದ್ದಲ್ಲ ಮೇಡಂ, ಬಂದಿದ್ದನ್ನ ಹಾಕಿದೆ.

ಒಂಟಿ ಚಪ್ಪಲಿ: ಮೂರು ತಿಂಗಳ ಮಗುಗೆ ಬೆರಳಚ್ಚು ಕೊಡಬೇಕಾ?

ಮೊಗ್ಗು: ಮೇಡಂ, ಅಮ್ಮನಿಗೆ 63. ಅಕ್ಕ ಬ್ರಿಟನ್‌ನಲ್ಲಿದ್ದಾಳೆ, ಅವಳಿಗೆ ಹೆರಿಗೆ, ಅಮ್ಮ ಎರಡು ತಿಂಗಳು ಹೋಗಬೇಕು. ಎರಡು ವರ್ಷದ ಹಿಂದೆ ಅಣ್ಣನ ಹತ್ರ ಹೋಗೋಕೆ ಕೆನಡಾ ವೀಸಾ ಕೇಳಿದ್ವಿ, ರಿಜೆಕ್ಟ್ ಆಗಿತ್ತು. ಈ ಸಲ ಏಜೆಂಟ್ ಕೈಲಿ ಮಾಡಿಸಿದ್ವಿ. ಫಾರ್ಮ್ ಪಿಡಿಎಫ್ ಇವತ್ತು ಕಳಿಸಿದಾರೆ. ‘ಯಾವುದೇ ದೇಶದ ವೀಸಾ ನಿರಾಕರಣೆ ಆಗಿದೆಯಾ’ ಅನ್ನೋದಕ್ಕೆ ‘ಇಲ್ಲ’ ಅಂತ ಹಾಕಿದಾರೆ. ಕೇಳಿದ್ರೆ ‘ಅದು ಬೇರೆ ದೇಶದ್ದು, ಇವರಿಗೆ ಗೊತ್ತಾಗಲ್ಲ, ಹೌದು ಅಂದ್ರೆ ಖಂಡಿತ ಕೊಡಲ್ಲ’ ಅಂತಾರೆ. ಅವರು ಹೇಳಿದ್ರು ಅಂತ ಹೋದ ವಾರ ಚಿಕ್ಕಪ್ಪನ ಹತ್ರ ತಗೊಂಡು ಅಮ್ಮನ ಖಾತೆಗೆ ಒಂದು ಮೊತ್ತ ಹಾಕಿದ್ವಿ. ದುಡ್ಡು ಕಟ್ಟಿ ಆಗಿದೆ. ನಾಡಿದ್ದು ಬೆರಳಚ್ಚು. ಏನಾದ್ರೂ ತೊಂದರೆ ಆಗುತ್ತಾ?

ಕಡತ: ಮೊಗ್ಗು, ಬೇರೆಯವರ ಪ್ರಶ್ನೆ ಬಿಟ್ಟು ಮೊದಲು ನಿಮಗೆ ಬರೀತಿದೀನಿ. ನಾಡಿದ್ದು ಅಮ್ಮನನ್ನ ಬೆರಳಚ್ಚಿಗೆ ಕಳಿಸಬೇಡಿ.

ಯಾಕೆ ಅಂತ ಕೇಳಿ. ಒಬ್ಬರಿಗೆ ಒಂದು ಸಲ ವೀಸಾ ಕೊಡಲಿಲ್ಲ ಅಂದ್ರೆ ಅದು ಕಳಂಕ ಅಲ್ಲ. ಅವತ್ತು ಆ ಕಾಗದ ನೋಡಿ ಆ ಅಧಿಕಾರಿಗೆ ನಂಬಿಕೆ ಬರಲಿಲ್ಲ, ಅಷ್ಟೇ ಅದರ ಅರ್ಥ. ನಾಳೆಯೇ ಮತ್ತೆ ಹಾಕಬಹುದು. ‘ಇಲ್ಲ’ ಅಂತ ಟಿಕ್ ಹಾಕಿದ್ದು ಮಾತ್ರ ಬೇರೆ ಜಾತಿಯ ತಪ್ಪು. ಬ್ರಿಟನ್ ನಿಯಮದಲ್ಲಿ ಅರ್ಜಿಯಲ್ಲಿ ಸುಳ್ಳಿದ್ದರೆ, ಅದು ಅರ್ಜಿದಾರರಿಗೆ ಗೊತ್ತಿರಲಿ ಇಲ್ಲದಿರಲಿ, ತಿರಸ್ಕರಿಸಬಹುದು. ಬೇಕಂತಲೇ ಮೋಸ ಮಾಡಿದಾರೆ ಅಂತ ತೀರ್ಮಾನ ಆದರೆ 10 ವರ್ಷ ಹಾಕೋ ಅರ್ಜಿಗಳಿಗೆಲ್ಲ ಅದೇ ಅಡ್ಡ ಬರುತ್ತೆ. ನಿಮ್ಮ ಅಮ್ಮ ಆಗ 73. ‘ಏಜೆಂಟ್ ಹಾಕಿದ್ದು’ ಅಂದ್ರೆ ನಡೆಯಲ್ಲ, ಯಾಕಂದ್ರೆ ಕೊನೇ ಪುಟದ ಘೋಷಣೆ ಅಮ್ಮನ ಹೆಸರಲ್ಲಿದೆ. ಇವತ್ತು ನೀವು ಪಿಡಿಎಫ್ ನೋಡಿಬಿಟ್ಟಿದ್ದೀರಿ, ಇನ್ನು ಮೇಲೆ ‘ಗೊತ್ತಿರಲಿಲ್ಲ’ ಅನ್ನೋ ಹಾಗೂ ಇಲ್ಲ.

ಗೊತ್ತಾಗಲ್ಲ ಅನ್ನೋದು ಏಜೆಂಟರ ಹಳೇ ಪಲ್ಲವಿ. ಕೆನಡಾ, ಬ್ರಿಟನ್, ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಈ ಐದೂ ವಲಸೆ ಮಾಹಿತಿ ಹಂಚಿಕೊಳ್ಳುತ್ತವೆ, ಬೆರಳಚ್ಚು ಹೋಲಿಸಿ ನೋಡ್ತವೆ. ಅಮ್ಮ ಕೆನಡಾಗೆ ಬೆರಳು ಕೊಟ್ಟಾಗಿದೆ.

ಈಗ ಮಾಡಬೇಕಾದ್ದು. ದುಡ್ಡು ಕಟ್ಟಿದ ಮೇಲೆ ಫಾರ್ಮಿನ ಉತ್ತರ ತಿದ್ದೋಕೆ ಬರಲ್ಲ. ಆದರೆ ಬೆರಳಚ್ಚು, ಫೋಟೊ ಕೊಡೋ ಮುಂಚೆ ಅರ್ಜಿ ರದ್ದು ಮಾಡಿದರೆ ವೀಸಾ ಶುಲ್ಕ ವಾಪಸ್ ಬರುತ್ತೆ. ಕೊಟ್ಟ ಮೇಲೆ ಬರಲ್ಲ. ನಿಮ್ಮ ಕೈಲಿರೋದು ಇನ್ನೆರಡು ದಿನ. ರದ್ದು ಮಾಡಿ, ಹೊಸ ಅರ್ಜಿ ನೀವೇ ತುಂಬಿ. ಆ ಪ್ರಶ್ನೆಗೆ ‘ಹೌದು’ ಅಂತ ಹಾಕಿ, ಯಾವ ದೇಶ, ಯಾವ ತಿಂಗಳು, ಪತ್ರದಲ್ಲಿ ಏನು ಕಾರಣ ಕೊಟ್ಟಿದ್ರು ಅಂತ ಮೂರು ಸಾಲು ಬರೀರಿ. ಕೆನಡಾ ಪತ್ರದಲ್ಲಿ ‘ಅವಧಿ ಮುಗಿದ ಮೇಲೆ ಹಿಂತಿರುಗುತ್ತಾರೆಂಬ ನಂಬಿಕೆ ಬಂದಿಲ್ಲ’ ಅಂತ ಇರುತ್ತೆ ನೋಡಿ, ಬಹಳ ಜನಕ್ಕೆ ಬರೋದು ಅದೇ. ಅಣ್ಣ ಅಲ್ಲೇ ಇದಾರಲ್ಲ, ಅಮ್ಮನ ಒಪ್ಪಿಗೆ ಪತ್ರ ಇಟ್ಟು, ಅಧಿಕಾರಿ ಕಡತದಲ್ಲಿ ಬರೆದ ಟಿಪ್ಪಣಿಯನ್ನ ಅಲ್ಲಿನ ಮಾಹಿತಿ ಹಕ್ಕಿನಡಿ ತರಿಸಬಹುದು. ಏನು ಅನುಮಾನ ಬಂದಿತ್ತು ಅಂತ ಗೊತ್ತಾದರೆ ಈ ಸಲ ಅದಕ್ಕೇ ಉತ್ತರ ಕೊಡಬಹುದು.

ಚಿಕ್ಕಪ್ಪನ ದುಡ್ಡು. ಅಮ್ಮನ ಸ್ಟೇಟ್‌ಮೆಂಟ್ ಕಣ್ಣ ಮುಂದೆ ತಂದುಕೊಳ್ಳಿ. ಐದು ತಿಂಗಳು ಪಿಂಚಣಿ ಬರುತ್ತೆ, ಕರೆಂಟ್ ಬಿಲ್ಲು, ಔಷಧಿ ಹೋಗುತ್ತೆ. ಕೊನೇ ಪುಟದ ಕೊನೇ ಸಾಲಿನಲ್ಲಿ ಧೊಪ್ ಅಂತ ಆರು ತಿಂಗಳ ಪಿಂಚಣಿಯಷ್ಟು ದುಡ್ಡು. ಅಧಿಕಾರಿಯ ಪೆನ್ನು ನೇರ ಅಲ್ಲಿಗೇ ಹೋಗುತ್ತೆ. ಅದು ಬೇಕಾಗೇ ಇರಲಿಲ್ಲ! ಬ್ರಿಟನ್‌ನಲ್ಲಿ ಕಾನೂನುಬದ್ಧವಾಗಿ ಇರೋ ಮಗಳು ತಾಯಿಯ ಖರ್ಚು ನೋಡ್ಕೊಳ್ಳೋದಕ್ಕೆ ನಿಯಮದಲ್ಲೇ ಅವಕಾಶ ಇದೆ. ಅಕ್ಕನ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಅಲ್ಲಿನ ವಾಸದ ಪರವಾನಗಿ, ‘ಅಮ್ಮ ನನ್ನ ಮನೇಲಿ ಇರ್ತಾರೆ, ಖರ್ಚು ನನ್ನದು’ ಅನ್ನೋ ಪತ್ರ. ಚಿಕ್ಕಪ್ಪನ ದುಡ್ಡು ಖಾತೆಯಿಂದಲೇ ವಾಪಸ್ ಕೊಡಿ, ಎಲ್ಲಿಂದ ಬಂತು ಯಾಕೆ ಹೋಯ್ತು ಅಂತ ಒಂದು ಸಾಲು ಪತ್ರದಲ್ಲಿ ಬರೀರಿ. ಅಮ್ಮ ವಾಪಸ್ ಬರೋದಕ್ಕೆ ಇಲ್ಲಿ ಏನಿದೆ? ಮನೆ, ಪಿಂಚಣಿ, ಅಪ್ಪ ಇದ್ದರೆ ಅಪ್ಪ. ಅದರ ಕಾಗದ ಇಡಿ.

ಇನ್ನೊಂದು. ಹೆರಿಗೆಗೆ ಅಂತ ಹೋಗ್ತಿದಾರೆ ಅಲ್ವಾ, ‘ಮಗು ನೋಡ್ಕೊಳ್ಳೋಕೆ’ ಅಂತ ಬರೀಬೇಡಿ ಅಂತ ಏಜೆಂಟರು ಹೆದರಿಸ್ತಾರೆ. ಮಗಳನ್ನ, ಮೊಮ್ಮಗುವನ್ನ ನೋಡೋಕೆ ಹೋಗ್ತಿರೋದು ನಿಜ, ಅದನ್ನೇ ಬರೀರಿ. ಅಜ್ಜಿ ಮೊಮ್ಮಗುವನ್ನ ಎತ್ತಿಕೊಂಡರೆ ಅದು ದುಡಿಮೆ ಅಂತ ಲೆಕ್ಕ ಆಗಲ್ಲ. ಅಕ್ಕ ಆಫೀಸಿಗೆ ಹೋಗೋಕೆ ಅಂತ ಅಮ್ಮನನ್ನ ಆಯಾ ಥರ ಕರೆಸಿಕೊಂಡರೆ ಆಗುತ್ತೆ.

ಅರ್ಜಿ ಯಾರ ಇಮೇಲ್‌ನಲ್ಲಿ ಹಾಕಿದಾರೆ? ಏಜೆಂಟರದ್ದೋ ನಿಮ್ಮದೋ? ಬೇಗ ಹೇಳಿ.

ನೆರಳು: ಅಷ್ಟೊಂದು ಹೆದರಿಸೋ ಅಗತ್ಯ ಇಲ್ಲ. ನನ್ನ ಅಮೆರಿಕ ಡಿಎಸ್-160 ಫಾರ್ಮಿನಲ್ಲಿ ಬೇರೆ ದೇಶದ ನಿರಾಕರಣೆ ಕೇಳಲೇ ಇಲ್ಲ. ನಾನು ಹೇಳಲೂ ಇಲ್ಲ. ವೀಸಾ ಬಂತು.

ಕಡತ: ಸರಿ ಇದೆ, ಆ ಫಾರ್ಮು ಅಮೆರಿಕದ್ದನ್ನ ಮಾತ್ರ ಕೇಳುತ್ತೆ. ಕೇಳದೇ ಇದ್ದಿದ್ದನ್ನ ನೀವು ಹೇಳಲಿಲ್ಲ, ಅದು ಸುಳ್ಳಲ್ಲ. ಬ್ರಿಟನ್, ಕೆನಡಾ ಎಲ್ಲಾ ದೇಶದ್ದೂ ಕೇಳ್ತವೆ. ಎರಡೂ ಒಂದೇ ಅಲ್ಲ. ಅಂದ ಹಾಗೆ ಅಮೆರಿಕದಲ್ಲಿ ಸುಳ್ಳು ಸಿಕ್ಕಿಬಿದ್ದರೆ ಹತ್ತು ವರ್ಷ ಅಲ್ಲ, ಆಜೀವ ಅಡ್ಡಿ.

ಮುಂಗಾರು: ಡಮ್ಮಿ ಟಿಕೆಟ್ ಎಲ್ಲಿ ಮಾಡಿಸೋದು? ಎಲ್ಲರೂ ಅದೇ ಇಡ್ತಾರೆ.

ದಾರಿಹೋಕ: ಎಲ್ಲಾರೂ ಇಡಂಗಿಲ್ರೀ. ಫೋಟೊಶಾಪ್ ಮಾಡಿದ ಟಿಕೆಟ್ ಇಟ್ಟು ಸಿಕ್ಕೊಂಡಾವ್ರನ್ನ ನೋಡೇನಿ.

ಮುಂಗಾರು: ಫೋಟೊಶಾಪ್ ಅಂದಿದ್ದು ಯಾರು? ಪಿಎನ್‌ಆರ್ ಇರೋ ಬುಕಿಂಗೇ ನಾನು ಹೇಳ್ತಿರೋದು. ವೀಸಾ ಬರೋ ಮುಂಚೆ ಪೂರ್ತಿ ದುಡ್ಡು ಕಟ್ಟಿ ಟಿಕೆಟ್ ತಗೊಳ್ಳೋಕೆ ಎಲ್ಲರೂ ನಿಮ್ಮ ಥರ ಸಾಹುಕಾರರಲ್ಲ.

ದಾರಿಹೋಕ: ನಾ ಎಲ್ಲಿ ಸಾಹುಕಾರ ಅಂದೆ? ‘ಡಮ್ಮಿ’ ಅಂತ ನೀವ ಅಂದ್ರಿ, ಡಮ್ಮಿ ಅಂದ್ರ ಖೊಟ್ಟಿ ಅಂತ ಅರ್ಥ.

ಗಿಣಿರಾಮ: ಇಬ್ಬರೂ ಸ್ವಲ್ಪ ಬಿಡಿ ಗುರು. ಮೇಡಂ, ಬ್ಯಾಲೆನ್ಸ್ ಎಷ್ಟಿರಬೇಕು?

ಕಡತ: ಗಿಣಿರಾಮ, ಮೇಲೆ ಗುಬ್ಬಚ್ಚಿಗೆ ಹೇಳಿದೀನಿ. ಟಿಕೆಟ್ ವಿಷಯ: ವಿಮಾನ ಕಂಪನಿ ಕೆಲವು ದಿನ ಹಿಡಿದಿಡೋ ಬುಕಿಂಗ್, ಅವರ ವೆಬ್‌ಸೈಟಲ್ಲಿ ಪಿಎನ್‌ಆರ್ ಹಾಕಿದರೆ ಕಾಣಬೇಕು, ಅದು ಸರಿ. ಷೆಂಗೆನ್‌ಗೆ ಅದು ಸಾಕು. ಮನೇಲಿ ಕೂತು ಟೈಪ್ ಮಾಡಿದ್ದು ನಕಲಿ ದಾಖಲೆ. ಬ್ರಿಟನ್‌ಗೆ ಟಿಕೆಟ್ ಬೇಡವೇ ಬೇಡ, ವೀಸಾ ಬಂದ ಮೇಲೆ ತಗೊಳ್ಳಿ.

ಮುಂಗಾರು: ನೋಡಿದ್ರಾ? ನಾನು ಹೇಳಿದ್ದೂ ಅದನ್ನೇ.

ದಾರಿಹೋಕ: ನಾನೂ ಅದನ್ನ ಹೇಳಿದ್ದು.

ಒಂಟಿ ಚಪ್ಪಲಿ: ಮಗು ಬೆರಳಚ್ಚು ಮೇಡಂ?

ಸಂಜೆಮಲ್ಲಿಗೆ: ಅಮೆರಿಕ ಇಂಟರ್‌ವ್ಯೂ ಎರಡೇ ನಿಮಿಷ. ಫೈಲು ಎರಡು ಕೆಜಿ ಇತ್ತು, ಮುಟ್ಟಲೂ ಇಲ್ಲ. 214(ಬಿ) ಕಲಂ ಪ್ರಕಾರ ರಿಜೆಕ್ಟ್ ಅಂತ ಚೀಟಿ ಕೊಟ್ರು. ಅಪೀಲು ಎಲ್ಲಿ ಮಾಡೋದು?

ಕಡತ: ಅಪೀಲು ಇಲ್ಲ. ಅವರ ಕಾನೂನು ಪ್ರತಿ ಪ್ರವಾಸಿಯನ್ನೂ ಅಲ್ಲೇ ನೆಲೆಸೋಕೆ ಬಂದವರು ಅಂತಲೇ ಎಣಿಸುತ್ತೆ, ಅಲ್ಲ ಅಂತ ತೋರಿಸೋ ಭಾರ ನಿಮ್ಮದು. ಡಿಎಸ್-160 ನೀವು ಕೌಂಟರಿಗೆ ಬಂದಾಗ ಅವರ ಪರದೆ ಮೇಲೆ ಇರುತ್ತೆ, ಆಮೇಲೆ ನಿಮ್ಮ ಮಾತು. ಫೈಲು ಬರೀ ಆಸರೆಗೆ. ಏನು ಕೇಳಿದ್ರು, ನೀವೇನು ಹೇಳಿದ್ರಿ, ಅದನ್ನ ಮೊದಲು ಬರೆದಿಟ್ಟುಕೊಳ್ಳಿ. ಕೆಲಸ, ಮನೆ, ಪ್ರಯಾಣದ ಉದ್ದೇಶ ಏನಾದರೂ ಬದಲಾಗದೆ ಮುಂದಿನ ತಿಂಗಳೇ ಮತ್ತೆ ಹೋದರೆ ಅದೇ ಚೀಟಿ ಬರುತ್ತೆ.

ನೆರಳು: ಷೆಂಗೆನ್‌ನಲ್ಲಿ 90 ದಿನ ಇದ್ದು ಬಂದ್ರೆ ಜುಲೈ 1ಕ್ಕೆ ಹೊಸ 90 ಶುರು ಅಲ್ವಾ?

ದಾರಿಹೋಕ: ಅಲ್ಲರೀ. ಇವತ್ತಿಂದ ಹಿಂದಕ್ಕ 180 ದಿನ ಎಣಸಬೇಕು.

ನೆರಳು: ಹಾಗೇನಿಲ್ಲ, ವರ್ಷಕ್ಕೆ ಎರಡು ಸಲ 90.

ದಾರಿಹೋಕ: ಯಾರು ಹೇಳಿದ್ರು?

ನೆರಳು: ಅಲ್ಲೇ ಇರೋ ನಮ್ಮ ಭಾವ.

ಕಡತ: ದಾರಿಹೋಕ ಸರಿ, ಭಾವ ತಪ್ಪು. ಅಲ್ಲಿರೋ ಪ್ರತಿ ದಿನವೂ ಆ ದಿನದಿಂದ ಹಿಂದಿನ 180 ದಿನ ಎಣಿಸಿದರೆ ಅಲ್ಲಿದ್ದದ್ದು 90 ದಾಟಿರಬಾರದು, ಇಳಿದ ದಿನ ಹೊರಟ ದಿನ ಎರಡೂ ಸೇರಿ. 2025 ಅಕ್ಟೋಬರ್ 12ರಿಂದ ಇಇಎಸ್ ಅಂತ ಗಡಿಯಲ್ಲಿ ಮುಖ, ಬೆರಳು ದಾಖಲಿಸೋ ವ್ಯವಸ್ಥೆ ಶುರು ಆಗಿದೆ. ಮುದ್ರೆ ಮಸುಕಾಗಿದೆ ಅಂತ ತಪ್ಪಿಸಿಕೊಳ್ಳೋ ಕಾಲ ಮುಗೀತು.

ನೆರಳು: ಭಾವನ ವಿಷಯ ಯಾಕೆ ಮೇಡಂ. ಮರ್ಯಾದೆಯಿಂದ ಹೇಳಬಹುದಿತ್ತು.

ಹಳೇ ಬೇರು: ಹಾಗಾದ್ರೆ ದುಡ್ಡು ಒಂದು ವಾರ ಬೇಡ, ಮೂರು ತಿಂಗಳು ಮುಂಚೆ ಹಾಕಿಸಿದ್ರೆ ನಡೆಯುತ್ತಾ?

ಕಡತ: ಇಲ್ಲ.

ಗುಲಗಂಜಿ: ಬ್ಯಾಂಕ್ ಬ್ಯಾಲೆನ್ಸ್ ಮಿನಿಮಮ್ ಹೇಳಿ ಪ್ಲೀಸ್.

ಕಡತ: ಮೇಲೆ ಓದಿ.

ಗುಲಗಂಜಿ: ಮೇಲೆ ನೂರು ಮೆಸೇಜ್ ಇದೆ. ಒಂದು ಅಂಕಿ ಹೇಳೋಕೆ ಇಷ್ಟು ಜಂಭ ಯಾಕೋ.

ಅಡ್ಮಿನ್: ಗುಲಗಂಜಿ, ಮಾತು ನೋಡ್ಕೊಂಡು.

ಮೊಗ್ಗು: ಮೇಡಂ, ಇಮೇಲ್ ಏಜೆಂಟರದ್ದೇ. ಪಾಸ್‌ವರ್ಡ್ ಕೇಳಿದ್ರೆ ‘ನಮ್ಮ ಸಿಸ್ಟಮ್, ಕೊಡಕ್ಕಾಗಲ್ಲ’ ಅಂದ್ರು. ರದ್ದು ಮಾಡಿ ಅಂದ್ರೆ ‘ನಮ್ಮ ಸರ್ವಿಸ್ ಚಾರ್ಜ್ ವಾಪಸ್ ಇಲ್ಲ’ ಅಂತ ಜೋರು ಮಾಡ್ತಿದಾರೆ.

ಕಡತ: ಇದೇ ನನ್ನ ಭಯ ಇತ್ತು. ಅವರ ಚಾರ್ಜ್ ಹೋದರೆ ಹೋಗಲಿ. ವಾಟ್ಸಾಪಲ್ಲಿ ಬರಹದಲ್ಲೇ ಕೇಳಿ: ‘ನಿರಾಕರಣೆ ಪ್ರಶ್ನೆಗೆ ನಮ್ಮನ್ನು ಕೇಳದೆ ಇಲ್ಲ ಎಂದು ತುಂಬಿದ್ದೀರಿ, ಬೆರಳಚ್ಚಿಗೆ ಮುಂಚೆ ಅರ್ಜಿ ರದ್ದು ಮಾಡಿ.’ ಆ ಮೆಸೇಜು ಇಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ. ಅವರು ಮಾಡಲಿ ಬಿಡಲಿ, ಅಮ್ಮ ನಾಡಿದ್ದು ಹೋಗೋದು ಬೇಡ. ಹೊಸ ಅರ್ಜಿ ನಿಮ್ಮ ಇಮೇಲಲ್ಲಿ. ಅದರಲ್ಲಿ ಹಳೇ ಅರ್ಜಿಯ ಸಂಖ್ಯೆ ಹಾಕಿ, ಏನಾಯ್ತು ಅಂತ ಇದ್ದದ್ದು ಇದ್ದ ಹಾಗೆ ಬರೀರಿ. ಆ ಪಿಡಿಎಫ್ ಅಳಿಸಬೇಡಿ. ಪತ್ರ ಬರೆದ ಮೇಲೆ ನನಗೆ ಕಳಿಸಿ, ನೋಡ್ತೀನಿ. ದುಡ್ಡು ಬೇಡ.

ಗಿಣಿರಾಮ: ನನ್ನ ಪತ್ರವನ್ನೂ ನೋಡ್ತೀರಾ ಮೇಡಂ?

ಮುಂಗಾರು: ಎಲ್ಲಾ ಏಜೆಂಟರೂ ಕಳ್ಳರೇ.

ಅಲೆಮಾರಿ: ನನ್ನ ಏಜೆಂಟ್ ಒಳ್ಳೆಯವರು. ಎಲ್ಲರಿಗೂ ಸೇರಿಸಿ ಹೇಳಬೇಡಿ.

ಮುಂಗಾರು: ನಿಮಗೆ ಕಮಿಷನ್ ಇರಬೇಕು.

ಅಲೆಮಾರಿ: ಅಡ್ಮಿನ್, ಇದನ್ನ ಅಳಿಸ್ತೀರೋ ನಾನು ಗ್ರೂಪ್ ಬಿಡಲೋ?

ಮೊಗ್ಗು: ಮೆಸೇಜ್ ಕಳಿಸಿದೆ ಮೇಡಂ. ಎರಡು ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ. ಅಮ್ಮ ‘ಹೆರಿಗೆ ಹೊತ್ತಿಗೆ ಆಗುತ್ತಾ’ ಅಂತ ಕೇಳ್ತಿದಾರೆ.

ಕಡತ: ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರ. ಹೆರಿಗೆ ಯಾವಾಗ?

ಒಂಟಿ ಚಪ್ಪಲಿ: ಮೂರನೇ ಸಲ ಕೇಳ್ತಿದೀನಿ. ಮಗು.

ಅಡ್ಮಿನ್: ಇವತ್ತಿಗೆ ಪ್ರಶ್ನೆ ನಿಲ್ಲಿಸ್ತಿದೀನಿ. ಅಲೆಮಾರಿ, ಮುಂಗಾರು ಇಬ್ಬರೂ ನನಗೆ ಪ್ರತ್ಯೇಕ ಮೆಸೇಜ್ ಮಾಡಿ. ಮೊಗ್ಗು ಮಾತ್ರ ಇಲ್ಲಿ ಬರೀಬಹುದು.

ಮೊಗ್ಗು: ಇನ್ನು ಏಳು ವಾರ ಮೇಡಂ.

ಕಡತ: ಆಗುತ್ತೆ. ಇವತ್ತು ರಾತ್ರಿಯೇ ಫಾರ್ಮ್ ಶುರು ಮಾಡಿ.