ಟಿವಿಯಲ್ಲಿ ಉದ್ಘೋಷಕಿ ಆಗಬೇಕಾದರೆ ಕಲಬುರಗಿ ರಾಗ ಬಿಡಲೇಬೇಕಾ?

ತೊಗರಿ ಕಣಜ, ಕಲಬುರಗಿ:
ನನ್ನ ತಂಗಿ ಹೋದ ತಿಂಗಳು ಬೆಂಗಳೂರಿನ ಒಂದು ಚಾನಲ್‌ಗೆ ಆಡಿಷನ್ ಕೊಟ್ಟು ಬಂದಳು. ಸುದ್ದಿ ಓದೋದಲ್ಲ. ಎರಡು ಕಾರ್ಯಕ್ರಮಗಳ ನಡುವೆ ‘ಮುಂದೆ ಇದು ಬರಲಿದೆ’ ಅಂತ ಹೇಳುವ ಕೆಲಸ. ಓದಿಸಿದ್ದು ನಾಲ್ಕೇ ಸಾಲು. ‘ವಾಯ್ಸ್ ಚೆನ್ನಾಗಿದೆ, ಆದರೆ ಆ ಕಡೆಯ ರಾಗ ಬರ್ತಿದೆ, ಅದನ್ನ ಬಿಟ್ಟು ಬನ್ನಿ’ ಅಂದರಂತೆ. ಅವಳು ಮನೆಗೆ ‘ಮನಿ’ ಅಂದಿಲ್ಲ, ಮೇಲೆಗೆ ‘ಮ್ಯಾಲ’ ಅಂದಿಲ್ಲ, ಬರೆದದ್ದನ್ನೇ ಓದಿದ್ದಾಳೆ, ಸಾಲಿನ ಕೊನೆಯಲ್ಲಿ ಮಾತ್ರ ನಮ್ಮವರ ಹಾಗೆ ಚೂರು ಎಳೆದಿರಬೇಕು. ಅದೇ ಚಾನಲ್‌ನವರು ಭಾಲ್ಕಿಗೆ ‘ಬಾಲ್ಕಿ’ ಅಂತಾರೆ, ಅದು ನಡೆಯುತ್ತೆ! ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳ್ರಿ, ರಾಗ ನಿಜವಾಗಲೂ ತಪ್ಪಾ?

ಹಳೇ ಮೈಕು, ಕಲಬುರಗಿ:
ತಮ್ಮಾ, ನಾನು ಹನ್ನೆರಡು ವರ್ಷ ರೇಡಿಯೋದಲ್ಲಿ ಕ್ಯಾಷುವಲ್ ಉದ್ಘೋಷಕಿ ಆಗಿದ್ದೆ, ಟಿವಿ ಅಲ್ಲ, ಆದರೂ ಕೆಲಸ ಒಂದೇ ಥರ. ಗಡಿಯಾರ ನೋಡಬೇಕು, ಮುಂದಿನ ಕಾರ್ಯಕ್ರಮ ರೆಡಿ ಇದೆಯಾ ನೋಡಬೇಕು, ಇಲ್ಲದಿದ್ದರೆ ಆ ಅರ್ಧ ನಿಮಿಷ ನಾವೇ ತುಂಬಬೇಕು. ಆಡಿಷನ್‌ನಲ್ಲಿ ನಮ್ಮನ್ನು ಹಿಡಿದದ್ದು ರಾಗಕ್ಕಲ್ಲ. ಶ ಎಲ್ಲಿ ಸ ಆಯಿತು, ಧ ಎಲ್ಲಿ ದ ಆಯಿತು, ಳ ಎಲ್ಲಿ ಲ ಆಯಿತು, ಅಷ್ಟೇ. ಮೈಸೂರು ಕಡೆಯ ಕೆಲವರಿಗೆ ಹಾಲು ‘ಆಲು’ ಆಗುತ್ತೆ, ನಮಗೆ ಆ ತೊಂದರೆ ಇಲ್ಲ. ನಮ್ಮ ತೊಂದರೆ ಕೊನೆಯ ಎಕಾರ. ‘ಮುಂದೆ’ ಅಂತ ಬರೆದಿದ್ದರೂ ಬಾಯಿಗೆ ‘ಮುಂದ’ ಬರುತ್ತೆ. ನನಗೂ ಬರುತ್ತಿತ್ತು. ಪೆನ್ಸಿಲ್ ಹಿಡಿದು ಅಂಥ ಪದಗಳ ಕೆಳಗೆ ಗೆರೆ ಎಳೆದುಕೊಳ್ಳುತ್ತಿದ್ದೆ, ಉಸಿರು ನಿಲ್ಲಿಸುವ ಕಡೆ ಒಂದು ಅಡ್ಡ ಗೀಟು. ತಂಗಿಗೂ ಅದನ್ನೇ ಹೇಳು, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಲಿ. ಎಳೆತ ಕಮ್ಮಿ ಮಾಡಬಹುದು, ಪೂರ್ತಿ ತೆಗೆದರೆ ಸುಮ್ನೆ ಯಂತ್ರ ಮಾತಾಡಿದ ಹಾಗಿರುತ್ತೆ.

ಬೀದರ ಮಾಸ್ತರ:
ನಾನು ಒಪ್ಪಲ್ಲ. ‘ನಮ್ಮ ರಾಗ’ ಅಂದರೆ ಯಾವುದು? ನಮ್ಮ ಬೀದರ ಕನ್ನಡದಲ್ಲಿ ಮರಾಠಿ ಇದೆ, ಉರ್ದು ಇದೆ, ಯಾದಗಿರಿ ಕಡೆ ಹೋದರೆ ತೆಲುಗು ಸೇರುತ್ತೆ. ಕಲಬುರಗಿ ರಾಗದಲ್ಲಿ ಹೇಳಿದರೆ ಬಸವಕಲ್ಯಾಣದಲ್ಲೇ ನಗುವವರಿದ್ದಾರೆ. ಎಲ್ಲರಿಗೂ ಒಂದು ಓದುವ ಕನ್ನಡ ಇರಲಿ ಬಿಡಿ. ಇಂಗ್ಲೆಂಡಿನಲ್ಲೂ ಇದೇ ಜಗಳ ಆಗಿತ್ತು. 1941ರಲ್ಲಿ ಬಿಬಿಸಿ ಸುದ್ದಿ ಓದಲು ಯಾರ್ಕ್‌ಷೈರ್ ಉಚ್ಚಾರದ ವಿಲ್ಫ್ರೆಡ್ ಪಿಕಲ್ಸ್ ಅನ್ನುವವರನ್ನು ಕೂರಿಸಿದರು. ಕೊನೆಯಲ್ಲಿ ಉತ್ತರ ಇಂಗ್ಲೆಂಡಿನವರಿಗೆ ಅವರದೇ ಧಾಟಿಯಲ್ಲಿ ಗುಡ್ ನೈಟ್‌ಗೆ ‘ಗುಡ್ ನೀಟ್’ ಅಂದರೆ, ಸಿಟ್ಟಾದ ಕೇಳುಗರು ಬಹಳ.

ಸೂಪರ್ ಮಾರ್ಕೆಟ್ ಚಹಾ:
ಮಾಸ್ತರೇ, ಸಿಟ್ಟಾದರು ಸರಿ, ಆದರೆ ಈಗ ಅದೇ ಬಿಬಿಸಿಯಲ್ಲಿ ಸ್ಕಾಟ್ಲೆಂಡ್, ವೇಲ್ಸ್, ಜಮೈಕಾ ಉಚ್ಚಾರದವರೆಲ್ಲ ಇದ್ದಾರಲ್ಲ! ಇನ್ನೊಂದು ಮಾತು. ಟಿವಿ ಕನ್ನಡ ಅಂದರೆ ಬೆಂಗಳೂರು ಕನ್ನಡ ಅಂತ ಯಾರು ಹೇಳಿದ್ದು? 1975ರ ಆಗಸ್ಟ್‌ನಿಂದ ಒಂದು ವರ್ಷ ಸೈಟ್ ಅಂತ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ನಡೆಯಿತು, ದೇಶದ ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ. ಕರ್ನಾಟಕದ ಪಾಲಿಗೆ ಬಂದದ್ದು ನಮ್ಮ ಭಾಗದ ಹಳ್ಳಿಗಳೇ. ಕೋಳಿಗೂಡಿಗೆ ಬಡಿಯುವ ತಂತಿ ಜಾಳಿಗೆಯಿಂದ ಮಾಡಿದ ಛತ್ರಿಯಂಥ ದೊಡ್ಡ ಆಂಟೆನಾ, ಅದರ ಕೆಳಗೆ ಒಂದೇ ಟಿವಿ, ಮುಂದೆ ಇಡೀ ಊರು. ಗುಲ್ಬರ್ಗಾದಲ್ಲಿ ದೂರದರ್ಶನ 1977ರಲ್ಲೇ ಶುರುವಾಯಿತು, ಬೆಂಗಳೂರಿಗೆ ಬಂದದ್ದು 1981ರಲ್ಲಿ. ಆ ಸೈಟ್ ಕಾಲದ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ! ನಮ್ಮ ಆಯಿ ಅದನ್ನ ನೋಡಿ ‘ಇವರು ಯಾ ಊರವರೋ ಏನೋ, ಮಾತು ಭಾಳ ಸಣ್ಣಗ ಆಡ್ತಾರ’ ಅಂದಿದ್ದಳಂತೆ.

ಬೀದರ ಮಾಸ್ತರ:
ಅದು ಗೊತ್ತಿರಲಿಲ್ಲ. ಆದರೂ ನನ್ನ ತರಗತಿಯ ಹುಡುಗರು ಪರೀಕ್ಷೆಯಲ್ಲಿ ‘ಮನಿ’ ಅಂತ ಬರೆದಾಗ ಅಂಕ ಕೊಡುವವನು ನಾನೇ ಅಲ್ವಾ! ಊರ ಹೆಸರಿನ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. ಬೀದರ ಅಂತ ಪೂರ್ತಿ ಹೇಳುವುದನ್ನು ಬಿಟ್ಟು ‘ಬೀದರ್’ ಅಂತ ಕೊನೆಗೆ ಬಾಗಿಲು ಹಾಕಿದ ಹಾಗೆ ಹೇಳಿದರೆ ನನಗೂ ಕಿವಿ ಚುರ್ ಅನ್ನುತ್ತೆ.

ಹಳೇ ಮೈಕು, ಕಲಬುರಗಿ:
ಅಫಜಲಪುರ ಕೇಳಿದ್ದೀರಾ ಅವರ ಬಾಯಲ್ಲಿ? ಕಾಗದದ ಮೇಲೆ ಫ, ಜ ಕೆಳಗೆ ಇಂಗ್ಲಿಷಿನ f, z ಧ್ವನಿ ತೋರಿಸುವ ಚುಕ್ಕಿ ಇರಲ್ಲ, ಅವರು ಬರೆದ ಹಾಗೇ ಓದುತ್ತಾರೆ, ಪಾಪ ತಪ್ಪೇನಿಲ್ಲ. ಇಲ್ಲಿಯವರನ್ನು ಒಂದು ಸಲ ಕೇಳಿದರೆ ಸಾಕಿತ್ತು. ನಾವು ಗೊತ್ತಿಲ್ಲದ ಊರಿದ್ದರೆ ಫೋನ್ ಮಾಡಿ ಕೇಳುತ್ತಿದ್ದೆವು.

ತೊಗರಿ ಕಣಜ, ಕಲಬುರಗಿ:
ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ಪೆನ್ಸಿಲ್ ಗೆರೆ ನಿನ್ನೆಯಿಂದಲೇ ಶುರು. ಬೆಳಿಗ್ಗೆ ಪೇಪರ್ ಇಟ್ಟುಕೊಂಡು ಜೋರಾಗಿ ಓದುತ್ತಾಳೆ, ಅವ್ವ ಅಡುಗೆಮನೆಯಿಂದ ‘ಮುಂದ ಅಲ್ಲ, ಮುಂದೆ!’ ಅಂತ ಕೂಗುತ್ತಾಳೆ, ಅವ್ವ ಮಾತ್ರ ದಿನವಿಡೀ ‘ಮುಂದ’ ಅಂತಲೇ ಅನ್ನೋದು. ಇನ್ನೊಂದು ಆಡಿಷನ್ ಇದೆ. ಎಕಾರ ತಿದ್ದಿಕೊಳ್ಳುತ್ತೇನೆ, ಅಫಜಲಪುರ ಮಾತ್ರ ನಮ್ಮೂರಿನ ಹಾಗೇ ಓದುತ್ತೇನೆ ಅಂತಾಳೆ. ಕೆಲಸ ಸಿಕ್ಕರೆ ಇಲ್ಲೇ ಹಾಕುತ್ತೇನೆ.