ಅಲ್ ಕಪೋನ್ ತೆರಿಗೆ ಕೇಸಿನಲ್ಲಿ ಸಿಕ್ಕಿಬಿದ್ದಿದ್ದು ಹೇಗೆ?

ಕಾನೂನು ಓದುವ ಹುಡುಗಿ, ಧಾರವಾಡ:
ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಶಿಕಾಗೋದ ಅಲ್ ಕಪೋನ್ ಕಳ್ಳ ಹೆಂಡದಲ್ಲಿ ದುಡ್ಡು ಮಾಡಿದ ಅಂತ ಊರಿಗೆಲ್ಲ ಗೊತ್ತಿತ್ತು. ಆದರೂ ಅವನಿಗೆ ದೊಡ್ಡ ಶಿಕ್ಷೆ ಆಗಿದ್ದು ಆದಾಯ ತೆರಿಗೆ ಕೇಸಿನಲ್ಲಿ. ಕಳ್ಳದಂಧೆಯ ದುಡ್ಡಿಗೂ ತೆರಿಗೆ ಕಟ್ಟು ಅಂತ ಸರ್ಕಾರ ಕೇಳಬಹುದಾ? ಅವನು ಎಲ್ಲೂ ಸಹಿ ಹಾಕುತ್ತಿರಲಿಲ್ಲ, ಎಲ್ಲಾ ನಗದು ವ್ಯವಹಾರ ಅಂತಾರೆ. ಮತ್ತೆ ಸಾಬೀತು ಮಾಡಿದ್ದು ಹೇಗೆ?

ಕಿರ್ದಿ ರಾಯರು, ಶಿರಸಿ:
ಒಳ್ಳೆ ಪ್ರಶ್ನೆ ಕೇಳಿದೆ ತಂಗಿ. ನಾನು ಮೂವತ್ತೊಂದು ವರ್ಷ ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿದವನು. ಹಾಗಾಗಿ ಈ ಕೇಸಿನಲ್ಲಿ ನನಗೆ ಬಂದೂಕಿಗಿಂತ ಲೆಡ್ಜರ್ ಕಥೆಯೇ ಹೆಚ್ಚು ಇಷ್ಟ.

ಮೊದಲ ಪ್ರಶ್ನೆಗೆ ಉತ್ತರ 1927ರಲ್ಲೇ ಸಿಕ್ಕಿತ್ತು. ಸೌತ್ ಕೆರೊಲಿನಾದ ಮ್ಯಾನ್ಲಿ ಸಲಿವನ್ ಅಂತ ಒಬ್ಬ ಹೆಂಡದ ವ್ಯಾಪಾರಿ. ಆದಾಯ ತೋರಿಸಿದರೆ ನನ್ನ ಮೇಲೆ ನಾನೇ ಸಾಕ್ಷಿ ಹೇಳಿದ ಹಾಗಾಗುತ್ತೆ ಅಂತ ವಾದ ಮಾಡಿದ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ದುಡ್ಡು ಹೇಗೇ ಬಂದಿರಲಿ, ರಿಟರ್ನ್ ಸಲ್ಲಿಸಲೇಬೇಕು ಅಂತ ಹೇಳಿತು.

ಎರಡನೆಯದೇ ಕಷ್ಟದ್ದು. ತೆರಿಗೆ ಇಲಾಖೆಯ ಗುಪ್ತ ತನಿಖಾ ಘಟಕದ ಮುಖ್ಯಸ್ಥ ಎಲ್ಮರ್ ಐರಿ. ಅವನು ಈ ಕೆಲಸಕ್ಕೆ ಹಾಕಿದ್ದು ಫ್ರಾಂಕ್ ವಿಲ್ಸನ್‌ನನ್ನು. ವಿಲ್ಸನ್ ತಿಂಗಳುಗಟ್ಟಲೆ ಕಾಗದ ಓದಿದ. ಕಪೋನ್ ಹೆಸರು ಎಲ್ಲೂ ಇಲ್ಲ. 1930ರಲ್ಲಿ ಒಂದು ರಾತ್ರಿ, ಹಳೆ ಬೀರುವೊಂದರಲ್ಲಿ ಕಂದು ಕಾಗದ ಸುತ್ತಿದ ಕಟ್ಟು ಸಿಕ್ಕಿತು. ಬಿಚ್ಚಿದರೆ ಶಿಕಾಗೋ ಪಕ್ಕದ ಸಿಸೆರೊ ಪಟ್ಟಣದ ಜೂಜು ಅಡ್ಡೆಯೊಂದರ ಲೆಡ್ಜರ್‌ಗಳು. 1926ರಲ್ಲಿ ಮ್ಯಾಕ್‌ಸ್ವಿಗಿನ್ ಅನ್ನೋ ಸರ್ಕಾರಿ ವಕೀಲನ ಕೊಲೆಯಾದ ಮೇಲೆ ದಾಳಿ ಮಾಡಿ ವಶಪಡಿಸಿಕೊಂಡಿದ್ದವು. ನಾಲ್ಕು ವರ್ಷ ಅಲ್ಲೇ ಬಿದ್ದಿದ್ದವು! ಯಾರೂ ಕೂತು ಓದಿರಲಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಒಳಗೆ ಜೂಜಿನ ಬಗೆಗೊಂದು ಕಾಲಂ, ಲಾಭ ಹಂಚಿದ ಲೆಕ್ಕ, ಪಾಲುದಾರರ ಹೆಸರಿನ ಬದಲು ಒಂದೊಂದು ಅಕ್ಷರ. ಒಂದೂವರೆ ವರ್ಷದಲ್ಲಿ 5 ಲಕ್ಷ ಡಾಲರ್‌ಗೂ ಜಾಸ್ತಿ ಲಾಭ. ಆದರೆ ಲೆಡ್ಜರ್ ತಾನಾಗಿ ಮಾತಾಡಲ್ಲ. ಬರೆದವನು ಬಂದು "ಇದು ನನ್ನ ಕೈಬರಹ" ಅನ್ನಬೇಕು. ವಿಲ್ಸನ್ ತಂಡ ಸಿಸೆರೊದಲ್ಲಿ ಸಿಕ್ಕ ಕೈಬರಹಗಳನ್ನೆಲ್ಲ ಜೋಡಿಸಿ ನೋಡಿತು. ಕೊನೆಗೆ ಲೆಸ್ಲಿ ಶಮ್‌ವೇ ಅನ್ನೋ ಗುಮಾಸ್ತನ ಅಕ್ಷರ ತಾಳೆಯಾಯಿತು. 1931ರ ಫೆಬ್ರವರಿಯಲ್ಲಿ ಅವನು ಮಯಾಮಿಯಲ್ಲಿ ಸಿಕ್ಕ.

ಕೈಬರಹ ಅಂದರೆ ಏನು ಅಂತ ನಾನು ನೋಡಿದ್ದೇನೆ. ಒಂದು ಸಂಘದ ಕಿರ್ದಿಯಲ್ಲಿ ಒಬ್ಬರು ರಜೆ ಹಾಕಿದ್ದ ವಾರದಲ್ಲೂ ಅವರದೇ 7 ಇತ್ತು, ನಡುವೆ ಸಣ್ಣ ಗೀಟಿನ 7. ಶಾಯಿ ಬೇರೆ, ಗೀಟು ಅದೇ. ಹಿಂದಿನ ತಾರೀಖು ಹಾಕಿ ಬರೆದ ಪುಟ ಅದು. ಆ ಗೀಟು ಹಿಡಿದೇ ಉಳಿದದ್ದೆಲ್ಲ ಹೊರಬಿತ್ತು.

ಬೆಂಗಳೂರು ಮಂಜು:
ರಾಯರೇ, ಪಾನನಿಷೇಧ ಅಧಿಕಾರಿ ಎಲಿಯಟ್ ನೆಸ್‌ನನ್ನು ಬಿಟ್ಟೇಬಿಟ್ರಲ್ಲ? ಕಳ್ಳ ಬಿಯರ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿದ್ದು ಅವನ ತಂಡ ಅಲ್ವಾ?

ಕಿರ್ದಿ ರಾಯರು, ಶಿರಸಿ:
ಹೌದು ಮಂಜು, ಲಂಚಕ್ಕೆ ಬಗ್ಗದ ಹುಡುಗರು ಅವರು. ಅವರ ಕೆಲಸದಿಂದ 1931ರ ಜೂನ್‌ನಲ್ಲಿ ಪಾನನಿಷೇಧದ ದೊಡ್ಡ ಆರೋಪಪಟ್ಟಿಯೂ ಆಯಿತು. ಆದರೆ ಆ ಕೇಸು ವಿಚಾರಣೆಗೇ ಬರಲಿಲ್ಲ.

ಕಾನೂನು ಓದುವ ಹುಡುಗಿ, ಧಾರವಾಡ:
ಸರ್, ತುಂಬಾ ಥ್ಯಾಂಕ್ಸ್. ಆದರೆ ಲೆಡ್ಜರ್‌ನಲ್ಲಿ ಹೆಸರೇ ಇಲ್ಲ ಅಂದರೆ, ಆ ಅಡ್ಡೆ ಕಪೋನ್‌ದೇ ಅಂತ ಕೋರ್ಟಿಗೆ ತೋರಿಸಿದ್ದು ಹೇಗೆ?

ಕಿರ್ದಿ ರಾಯರು, ಶಿರಸಿ:
ಅದಕ್ಕೊಬ್ಬ ಪಾದ್ರಿ ಬೇಕಾಯಿತು ತಂಗಿ. 1925ರ ಮೇನಲ್ಲಿ ಹೆನ್ರಿ ಹೂವರ್ ಅನ್ನೋ ಪಾದ್ರಿ ಊರ ಜನರನ್ನು ಕಟ್ಟಿಕೊಂಡು ಅದೇ ಅಡ್ಡೆಗೆ ನುಗ್ಗಿದ್ದರು. ಕಪೋನ್ ಹಾಸಿಗೆಯಿಂದ ಎದ್ದವನೇ ಗಡ್ಡ ಕೂಡ ಬೋಳಿಸದೆ ಓಡಿ ಬಂದ. ಸಿಟ್ಟಿನಲ್ಲಿ ಈ ಜಾಗದ ಮಾಲೀಕ ನಾನೇ ಅಂದುಬಿಟ್ಟ. ಕೇಳಿಸಿಕೊಂಡವರು ಆರು ವರ್ಷ ಆದಮೇಲೆ ಕೋರ್ಟಿನಲ್ಲಿ ಅದನ್ನೇ ಹೇಳಿದರು. ಅವರಲ್ಲೊಬ್ಬರಿಗೆ ಆ ದಿನ ಹೊಡೆದು ಮೂಗು ಮುರಿದಿದ್ದರು. ಆದರೂ ಬಂದು ಹೇಳಿದರಲ್ಲ, ಅದು ಸಣ್ಣ ಮಾತಲ್ಲ.

ಇನ್ನೊಂದು ತಪ್ಪು ಅವನ ವಕೀಲನದು. ರಾಜಿಗೆ ಅಂತ 1930ರಲ್ಲಿ ಇಲಾಖೆಗೆ ಪತ್ರ ಕೊಟ್ಟ. 1926ಕ್ಕೆ 26,000, 1927ಕ್ಕೆ 40,000 ಡಾಲರ್ ಮೀರದಷ್ಟು ಆದಾಯ ಅಂತ ಅದರಲ್ಲಿತ್ತು. ಅಂದರೆ ಆದಾಯ ಇತ್ತು ಅಂತ ಒಪ್ಪಿಕೊಂಡ ಹಾಗೇ ಅಲ್ವಾ! ನ್ಯಾಯಾಧೀಶ ವಿಲ್ಕರ್‌ಸನ್ ಅದನ್ನೂ ಸಾಕ್ಷ್ಯವಾಗಿ ತಗೊಂಡರು. ಜ್ಯೂರಿಯನ್ನು, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ಹೇಳುವ ನಾಗರಿಕರ ಗುಂಪನ್ನು, ಕೊಳ್ಳೋಕೆ ಕಪೋನ್ ಕಡೆಯವರು ಹೊರಟಿದ್ದಾರೆ ಅಂತ ಮೊದಲೇ ಸುಳಿವು ಸಿಕ್ಕಿತ್ತು. ವಿಚಾರಣೆ ಶುರುವಾದ ದಿನ ಈ ನ್ಯಾಯಾಧೀಶರು ಇನ್ನೊಬ್ಬ ನ್ಯಾಯಾಧೀಶರ ಜ್ಯೂರಿ ಪಟ್ಟಿಯನ್ನೇ ತರಿಸಿಕೊಂಡರು.

1931ರ ಅಕ್ಟೋಬರ್ 24ರಂದು 11 ವರ್ಷ ಜೈಲು, 50,000 ಡಾಲರ್ ದಂಡ ವಿಧಿಸಿದರು. ಒಟ್ಟು 23 ಆರೋಪಗಳಲ್ಲಿ ಐದು ಮಾತ್ರ ನಿಂತವು.

ನೀನು ಸಾಕ್ಷ್ಯ ಕಾಯ್ದೆ ಓದುವಾಗ ಶಮ್‌ವೇಯನ್ನು ನೆನಪಿಟ್ಟುಕೋ. ಜೀವಭಯ ಇಟ್ಟುಕೊಂಡೇ ಬಂದು ಕಟಕಟೆ ಹತ್ತಿದ. ಲೆಡ್ಜರ್ ಮುಂದಿಟ್ಟರು. ನಂದೇ ಬರಹ ಅಂದ.